ಏಡಿಯ ಉಡಿ

(ಆಕಾಶವಾಣಿಯ ಭಾಷಣ)

ಮೂವತ್ತು ವರ್ಷಗಳಿಗೂ ಮಿಕ್ಕಿ ಕನ್ನಡ ಪಾಠ ಹೇಳಿದವನು ನಾನು. ಅಷ್ಟು ದೀರ್ಘ ಅವಧಿಯಲ್ಲಿ ವಿದ್ಯಾರ್ಥಿಗಳಿಗೆ ತಪ್ಪಾಗಿ ಹೇಳಿಕೊಟ್ಟ ಸಂಗತಿಗಳು ಎಷ್ಟಿದ್ದವೋ ಲೆಕ್ಕವಿಟ್ಟಿಲ್ಲ. ಅವುಗಳಲ್ಲಿ ಒಂದು ಮಾತ್ರ ನಿವೃತ್ತಿಯ ಅನಂತರ ನನ್ನ ಬೆನ್ನು ಹತ್ತಿದೆ. ಅದನ್ನು ಇಂದು ನಿಮ್ಮೆದುರು ತಿದ್ದಿಕೊಳ್ಳಬೇಕೆಂದಿದ್ದೇನೆ. ಅದು ಏಡಿಗೆ ಸಂಬಂಧಿಸಿದ್ದು.

ಮಹಾಭಾರತದ ಅರಣ್ಯಪರ್ವದಲ್ಲಿ ಜಯದ್ರಥನು ದ್ರೌಪದಿಯನ್ನು ಅಪಹರಿಸಲು ಬರುವ ಪ್ರಸಂಗವೊಂದಿದೆ. ಪಾಂಡವರು ಆಶ್ರಮದಲ್ಲಿಲ್ಲ. ದ್ರೌಪದಿ ಅವನನ್ನು ಎಚ್ಚರಿಸುತ್ತಾಳೆ. ಬಿದಿರು, ಬಾಳೆ, ಜೊಂಡು ತಮ್ಮ ನಾಶಕ್ಕಾಗಿಯೇ ಫಲ ಬಿಡುವಂತೆ, ಹೆಣ್ಣೇಡಿ ತನ್ನ ಸಾವಿಗಾಗಿಯೇ ಗರ್ಭ ಧರಿಸುವಂತೆ, ನನ್ನನ್ನು ಒಯ್ಯುವುದು ನಿನ್ನ ವಿನಾಶಕ್ಕೆ ಎಂಬುದು ಅವಳ ಮಾತಿನ ತಾತ್ಪರ್ಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಭಾರದ್ವಾಜನ ಮತವೆಂದು ಇಂಥದೇ ಮಾತು ಬರುತ್ತದೆ: ರಾಜಕುಮಾರರು ಏಡಿಯ ಸ್ವಭಾವದವರು, ಹೆತ್ತವರನ್ನೇ ತಿನ್ನುವವರು, ಆದುದರಿಂದ ಅವರ ಮೇಲೆ ಹುಟ್ಟಿದಂದಿನಿಂದ ಕಣ್ಣಿಡಬೇಕು ಎಂದು. ಏಡಿಯ ಮರಿಗಳು ತಾಯ ಹೊಟ್ಟೆಯನ್ನು ಬಗೆದು ಹೊರಬರುತ್ತವೆ, ತಾಯಿ ಸಾಯುತ್ತದೆ ಎಂಬುದು ಈ ಎರಡು ಮಾತುಗಳ ಹಿಂದಿರುವ ನಂಬಿಕೆ.

ದ್ರೌಪದಿಯ ಉಪಮೆಯನ್ನು ವಿವರಿಸುವಾಗ ನಾನು ಉತ್ಸಾಹದಿಂದ ಹೇಳುತ್ತಿದ್ದೆ. ಗೊನೆ ಬಿಟ್ಟ ಬಾಳೆ ಸಾಯುವುದು ನಿಜ. ಹೂ ಬಿಟ್ಟು ಕಾಳು ಕಟ್ಟಿದ ಬಿದಿರು ಒಣಗುವುದೂ ನಿಜ. ಆದುದರಿಂದ ಏಡಿಯದೂ ನಿಜವೇ ಇರಬೇಕೆಂದು ನಂಬಿದ್ದೆ. ಒಮ್ಮೆ ಹೀಗೆ ಹೇಳುತ್ತಿದ್ದಾಗ, ಹೊಳೆಯ ದಂಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ, ಏಡಿ ಸಾಯೂದಿಲ್ರಿ. ನೀರಾಗ ಮರಿ ಬಿಟ್ಟ ಮ್ಯಾಲ ಮತ್ತ ಬಿಲಕ್ಕ ಹೋಗ್ತೈತ್ರಿ. ನಾ ನೋಡೀನ್ರಿ.”

ತರಗತಿ ನಕ್ಕಿತು. ನಾನೂ ನಕ್ಕೆ. “ಇದು ಕವಿಸಮಯ, ತಂಗಿ. ಚಕೋರ ಬೆಳುದಿಂಗಳು ಕುಡಿಯುವುದನ್ನು ನೀನು ನೋಡಿದ್ದೀಯೇನು? ಕೂತುಕೋ” ಎಂದೆ. ಅವಳು ಕುಳಿತಳು. ಆ ವರ್ಷ ಮತ್ತೆ ಅವಳು ತರಗತಿಯಲ್ಲಿ ಬಾಯಿ ತೆರೆದುದು ನನಗೆ ನೆನಪಿಲ್ಲ.

ನಮ್ಮ ಸಂಕೇಶ್ವರ ಹಿರಣ್ಯಕೇಶಿ ನದಿಯ ದಂಡೆಯ ಊರು. ಮಹಾರಾಷ್ಟ್ರದ ಅಂಬೋಲಿಯ ಬಳಿ ಸಹ್ಯಾದ್ರಿಯಲ್ಲಿ ಹುಟ್ಟಿ, ಆಜರಾ, ಗಡಹಿಂಗ್ಲಜಗಳನ್ನು ಹಾಯ್ದು ನಮ್ಮಲ್ಲಿಗೆ ಬಂದು, ಮುಂದೆ ಘಟಪ್ರಭೆಯನ್ನು ಸೇರುವ ಹೊಳೆ ಅದು. ನಿವೃತ್ತನಾದ ಮೇಲೆ ಸಂಜೆ ಅದರ ದಂಡೆಗೆ ನಡೆದುಹೋಗುವುದು ನನ್ನ ರೂಢಿ. ಮೃಗಶಿರೆಯ ಮಳೆ, ನಮ್ಮ ಜನರ ಬಾಯಲ್ಲಿ ಮಿರಗ, ಬಿದ್ದ ಒಂದು ಸಂಜೆ ಹೊಲದ ಬದುವಿನ ಕೆಳಗೆ ಹರಿಯುವ ಹಳ್ಳದಲ್ಲಿ ಮುದುಕಿಯೊಬ್ಬಳು ಮೊಮ್ಮಗನೊಡನೆ ಏಡಿ ಹಿಡಿಯುತ್ತಿದ್ದಳು. ಹಿಡಿದ ಪ್ರತಿಯೊಂದನ್ನೂ ಅಂಗಾತ ಮಾಡಿ ನೋಡಿ, ಕೆಲವನ್ನು ಬುಟ್ಟಿಗೆ ಹಾಕುವಳು, ಕೆಲವನ್ನು ಮರಳಿ ನೀರಿಗೆ ಬಿಡುವಳು. ಕಾರಣ ಕೇಳಿದೆ. ಅವಳು ಒಂದನ್ನು ಅಂಗೈಯಲ್ಲಿ ಅಂಗಾತ ಹಿಡಿದು, ಅದರ ಹೊಟ್ಟೆಯ ಮೇಲಿನ ಅಗಲವಾದ ಮುಚ್ಚಳವನ್ನು ಹೆಬ್ಬೆರಳಿನಿಂದ ಮೆಲ್ಲನೆ ಎತ್ತಿದಳು. ಒಳಗೆ ಸಾಸಿವೆಯೇ ಜೀವ ತಳೆದಂತೆ ನೂರಾರು ಪುಟ್ಟ ಏಡಿಗಳು ಮಿಸುಕುತ್ತಿದ್ದವು.

“ಉಡಿ ತುಂಬೇತ್ರಿ ಮಾಸ್ತರ. ಇದನ್ನ ಒಯ್ಯಬಾರ್ದ್ರಿ” ಎಂದಳು.

ಉಡಿ! ಸಾವಿರಾರು ವರ್ಷಗಳಿಂದ ಪಂಡಿತರು ಬಸಿರೆಂದು ಕರೆದುದನ್ನು ಆ ಮುದುಕಿ ಉಡಿ ಎಂದಳು. ನಮ್ಮ ಉತ್ತರ ಕರ್ನಾಟಕದ ಕೇಳುಗರಿಗೆ ಈ ಶಬ್ದವನ್ನು ವಿವರಿಸಬೇಕಾಗಿಲ್ಲ. ಸೀರೆಯ ಸೆರಗನ್ನು ಮುಂದಕ್ಕೆ ಮಡಿಚಿ ಹಿಡಿದರೆ ಆಗುವ ಜೋಳಿಗೆಯೇ ಉಡಿ. ಅದರಲ್ಲಿ ಕಾಳು ತರುತ್ತಾರೆ, ಕಾಯಿಪಲ್ಲೆ ತರುತ್ತಾರೆ. ಮುತ್ತೈದೆಗೆ, ಗರ್ಭಿಣಿಗೆ ಅಕ್ಕಿ ಕೊಬ್ಬರಿ ಹಾಕಿ ಉಡಿ ತುಂಬುತ್ತಾರೆ. ಬಸಿರು ಮೈಯೊಳಗಿನದು, ಉಡಿ ಮೈಹೊರಗಿನದು. ಇಡೀ ತಪ್ಪು ಈ ಒಂದು ಭೇದದಲ್ಲಿದೆ ಎಂದು ನನಗೆ ಆ ಸಂಜೆ ಹೊಳೆಯಿತು. ಮರುದಿನವೇ ಪುಸ್ತಕಗಳನ್ನು ಹುಡುಕತೊಡಗಿದೆ. ಪ್ರಾಣಿಶಾಸ್ತ್ರ ಓದಿದ ಸ್ನೇಹಿತರನ್ನು ಕಾಡಿದೆ. ಹಾಗೆ ತಿಳಿದುದರ ಸಾರ ಇದು.

ಏಡಿಯ ಹೊಟ್ಟೆ, ಅಂದರೆ ದೇಹದ ಹಿಂಭಾಗ, ಸಿಗಡಿಯಂತೆ ಹಿಂದಕ್ಕೆ ಚಾಚಿಕೊಂಡಿರುವುದಿಲ್ಲ. ಎದೆಯ ಕೆಳಗೆ ಮುಂದಕ್ಕೆ ಮಡಿಚಿಕೊಂಡಿರುತ್ತದೆ. ಗಂಡಿನಲ್ಲಿ ಈ ಮಡಿಕೆ ಸಪೂರವಾಗಿ ತ್ರಿಕೋನದಂತಿರುತ್ತದೆ. ಪ್ರಾಯಕ್ಕೆ ಬಂದ ಹೆಣ್ಣಿನಲ್ಲಿ ಅದು ಅಗಲವಾಗಿ ದುಂಡಗಿರುತ್ತದೆ. ಮಡಿಕೆಯ ಒಳಮೈಗೆ ಕೂದಲುಳ್ಳ ನಾಲ್ಕು ಜೊತೆ ಪುಟ್ಟ ಉಪಾಂಗಗಳಿವೆ. ಹೆಣ್ಣು ಮೊಟ್ಟೆಗಳನ್ನು ಹೊರಬಿಟ್ಟಾಗ ಅವು ಈ ಕೂದಲುಗಳಿಗೆ ದ್ರಾಕ್ಷಿಗೊಂಚಲಿನಂತೆ ಅಂಟಿಕೊಳ್ಳುತ್ತವೆ. ಅಲ್ಲಿಯೇ ಭ್ರೂಣ ಬೆಳೆಯುತ್ತದೆ, ಅಲ್ಲಿಯೇ ಮೊಟ್ಟೆ ಒಡೆಯುತ್ತದೆ. ಮರಿಗಳು ಹೊರಬರುವುದು ಉಡಿ ತೆರೆದು, ಹೊಟ್ಟೆ ಬಗೆದಲ್ಲ.

ಹಾಗಾದರೆ ಹಿಂದಿನವರಿಗೆ ಭ್ರಮೆಯಾದುದೇಕೆ? ನನಗೆ ತೋರುವ ಕಾರಣ ಒಂದಿದೆ. ಏಡಿಯ ಚಿಪ್ಪು ಬೆಳೆಯುವುದಿಲ್ಲ. ಮೈ ಬೆಳೆದಂತೆ ಹಳೆಯ ಚಿಪ್ಪನ್ನು ಕಳಚಿ ಹೊಸದನ್ನು ತಳೆಯಬೇಕು. ಕಳಚುವಾಗ ಹಿಂಬದಿಯಲ್ಲಿ ಸೀಳಿಕೊಂಡು ಹೊರಬರುತ್ತದೆ. ಕಾಲು, ಇಕ್ಕಳ, ಕಣ್ಣಿನ ಕವಚ ಎಲ್ಲವೂ ಇದ್ದು ಒಳಗೆ ಮಾತ್ರ ಏನೂ ಇಲ್ಲದ ಚಿಪ್ಪು ದಂಡೆಯಲ್ಲಿ ಬಿದ್ದಿರುತ್ತದೆ. ಹತ್ತಿರದಲ್ಲಿಯೇ ಮರಿಗಳು ಓಡಾಡುತ್ತಿದ್ದರೆ, ಅವು ತಾಯಿಯನ್ನು ತಿಂದು ಮುಗಿಸಿವೆ ಎಂದು ನೋಡಿದವರು ಊಹಿಸಿದ್ದರೆ ಆಶ್ಚರ್ಯವಿಲ್ಲ. ಹೊಸ ಬದುಕಿನ ಗುರುತನ್ನು ಸಾವಿನ ಗುರುತೆಂದು ಓದಿದರು.

ಈ ಚಿಪ್ಪು ಕಳಚುವಿಕೆಗೂ ಏಡಿಗಳ ಕೂಡುವಿಕೆಗೂ ನಿಕಟ ಸಂಬಂಧವಿದೆ. ಕಡಲಿನ ಅನೇಕ ಏಡಿಗಳಲ್ಲಿ ಹೆಣ್ಣು ಚಿಪ್ಪು ಕಳಚಿ ಮೈ ಮೆತ್ತಗಿರುವಾಗ ಮಾತ್ರ ಕೂಟ ನಡೆಯುತ್ತದೆ. ಅಮೆರಿಕದ ಪೂರ್ವ ತೀರದ ನೀಲಿ ಏಡಿಯನ್ನು ಈ ದೃಷ್ಟಿಯಿಂದ ಬಹಳ ಅಭ್ಯಾಸ ಮಾಡಿದ್ದಾರೆ. ಕಳಚುವ ಕಾಲ ಸಮೀಪಿಸಿದಾಗ ಹೆಣ್ಣು ನೀರಿನಲ್ಲಿ ಒಂದು ಬಗೆಯ ರಾಸಾಯನಿಕ ಸೂಚನೆಯನ್ನು ಬಿಡುತ್ತದೆ. ಗಂಡು ಬಂದು ಅದನ್ನು ತನ್ನ ಮೈಯಡಿಯಲ್ಲಿ ತೊಟ್ಟಿಲಲ್ಲಿಟ್ಟಂತೆ ಹಿಡಿದು ದಿನಗಟ್ಟಲೆ ಹೊತ್ತು ತಿರುಗುತ್ತದೆ. ಹೆಣ್ಣು ಚಿಪ್ಪು ಕಳಚುತ್ತದೆ, ಕೂಟವಾಗುತ್ತದೆ. ಬಳಿಕವೂ ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಗಂಡು ಕಾಯುತ್ತದೆ. ಮೆತ್ತನೆಯ ಏಡಿ ಯಾರಿಗಾದರೂ ತುತ್ತು, ಸ್ವಜಾತಿಯವರಿಗೂ ತುತ್ತು. ಗಂಡು ಕಾಯುವುದು ತನ್ನ ಸಂತಾನದ ಸ್ವಾರ್ಥಕ್ಕೆ, ಬೇರೆ ಗಂಡು ಬಾರದಿರಲೆಂದು. ಆದರೆ ಹೆಣ್ಣಿಗೆ ತನ್ನ ಬದುಕಿನ ಅತ್ಯಂತ ಅಪಾಯದ ಗಳಿಗೆಯಲ್ಲಿ ಕಾವಲುಗಾರ ದೊರೆತಂತಾಯಿತು.

ನಮ್ಮ ಹಳ್ಳದ ಏಡಿಯಂಥ ಸಿಹಿನೀರಿನ ಹಲವು ಏಡಿಗಳಲ್ಲಿ, ಕಡಲ ದಂಡೆಯ ಬಿಲಗಳಲ್ಲಿ ವಾಸಿಸುವ ಅನೇಕ ಏಡಿಗಳಲ್ಲಿ ಈ ನಿರ್ಬಂಧವಿಲ್ಲ. ಅಲ್ಲಿ ಹೆಣ್ಣು ಗಟ್ಟಿ ಚಿಪ್ಪಿನಲ್ಲಿರುವಾಗಲೂ ಕೂಡಬಲ್ಲದು. ಗಟ್ಟಿ ಚಿಪ್ಪಿನ ಹೆಣ್ಣು ಓಡಬಲ್ಲದು, ಇಕ್ಕಳ ಎತ್ತಬಲ್ಲದು, ಬೇಡವೆನ್ನಬಲ್ಲದು. ಕೆಲವು ಜಾತಿಗಳಲ್ಲಿ ಹೆಣ್ಣಿನ ಜನನದ್ವಾರಕ್ಕೆ ಸುಣ್ಣಗಟ್ಟಿದ ಪುಟ್ಟ ಮುಚ್ಚಳವೇ ಇದೆ. ಕೆಲಕಾಲ ಮಾತ್ರ ಅದು ಮೆತ್ತಗಾಗಿ ದಾರಿ ಬಿಡುತ್ತದೆ, ಉಳಿದ ಕಾಲ ಬಾಗಿಲು ಹಾಕಿದ ಮನೆಯಂತೆ.

ಕಾರವಾರ, ಕುಮಟೆಗಳ ಕಡೆಗೆ ಹೋದವರು ಕಾಳಿ, ಅಘನಾಶಿನಿ ನದಿಗಳ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಕೆಸರಿನ ಬಯಲನ್ನು ನೋಡಿರಬಹುದು. ಅಲ್ಲಿ ಪಿಟೀಲು ಏಡಿಗಳ ಸಂತೆ. ಗಂಡಿಗೆ ಒಂದು ಇಕ್ಕಳ ಮೈಯಷ್ಟೇ ದೊಡ್ಡದು. ಬಿಲದ ಬಾಯಲ್ಲಿ ನಿಂತು ಅದನ್ನು ಮೇಲೆತ್ತಿ ಬೀಸುತ್ತದೆ, ಪಿಟೀಲು ಬಾರಿಸುವವನಂತೆ. ನೋಡುವವರ ಕಣ್ಣೆಲ್ಲ ಗಂಡಿನ ಮೇಲೆ. ಆದರೆ ಆಯ್ಕೆ ನಡೆಸುವವಳು ಆ ಬಯಲಿನಲ್ಲಿ ಸದ್ದಿಲ್ಲದೆ ಓಡಾಡುವ ಹೆಣ್ಣು. ಕ್ಯಾಲಿಫೋರ್ನಿಯಾದ ಒಂದು ಪಿಟೀಲು ಏಡಿಯ ಬಗೆಗೆ 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಹೆಣ್ಣು ಒಬ್ಬನನ್ನು ಒಪ್ಪುವ ಮುನ್ನ ಸರಾಸರಿ 23 ಗಂಡುಗಳನ್ನು ನೋಡುತ್ತದೆ. ಒಂದು ಹೆಣ್ಣಂತೂ 106 ಗಂಡುಗಳ ಬಿಲಗಳನ್ನು ನೋಡಿ ಬಂದಿತು. ಅದು ನೋಡುವುದು ಗಂಡಿನ ಠೀವಿಯನ್ನಷ್ಟೇ ಅಲ್ಲ, ಬಿಲದ ಅಳತೆಯನ್ನು. ಬಿಲ ತನ್ನ ಮೈಗೆ ಸರಿಹೊಂದಿದರೆ ಮೊಟ್ಟೆಗಳು ತಕ್ಕ ಕಾವಿನಲ್ಲಿ ತಕ್ಕ ದಿನಕ್ಕೆ ಮರಿಯಾಗುತ್ತವೆ. ರಾತ್ರಿಯ ದೊಡ್ಡ ಉಬ್ಬರ ಇಳಿಯುವ ಹೊತ್ತಿಗೆ ಸರಿಯಾಗಿ ಮರಿ ಬಿಟ್ಟರೆ, ನೀರಿನ ಸೆಳೆತ ಅವನ್ನು ಬೇಗನೆ ಕಡಲಿಗೊಯ್ಯುತ್ತದೆ; ಅಳಿವೆಯ ಮೀನುಗಳ ಬಾಯಿ ತಪ್ಪುತ್ತದೆ. ವರನ ಜಾತಕಕ್ಕಿಂತ ಮನೆಯ ಗೋಡೆ ನೋಡುವ ತಾಯಂದಿರನ್ನು ನಾವು ಕಂಡಿದ್ದೇವೆ. ಇವಳು ಅಂಥವಳು.

ಕೂಟವಾಯಿತೆಂದರೆ ಗರ್ಭವಾಯಿತು ಎಂದು ಮನುಷ್ಯರ ಲೆಕ್ಕ. ಏಡಿಯ ಲೆಕ್ಕ ಬೇರೆ. ಹೆಣ್ಣಿನ ದೇಹದಲ್ಲಿ ಎರಡು ವೀರ್ಯಚೀಲಗಳಿವೆ. ಗಂಡಿನಿಂದ ಪಡೆದ ವೀರ್ಯವನ್ನು ಅಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಕಾಪಿಟ್ಟುಕೊಳ್ಳುತ್ತದೆ. ಮೊಟ್ಟೆಗಳು ಪಕ್ವವಾದಾಗ, ಕಾಲ ಕೂಡಿಬಂದಾಗ, ಅದನ್ನು ಬಳಸುತ್ತದೆ. ನೀಲಿ ಏಡಿಯ ಹೆಣ್ಣು ಸಾಮಾನ್ಯವಾಗಿ ತನ್ನ ಕೊನೆಯ ಸಲದ ಪೊರೆ ಕಳಚುವಾಗ ಮಾತ್ರ ಕೂಡುತ್ತದೆ. ಆಗ ಪಡೆದುದರಿಂದಲೇ ಮುಂದೆ ಹಲವು ಸಲ ಮೊಟ್ಟೆಯಿಡುತ್ತದೆ. ಉತ್ತರದ ತಣ್ಣನೆಯ ಕಡಲುಗಳ ಹಿಮ ಏಡಿಯಲ್ಲಿ ಹೀಗೆ ಕೂಡಿಟ್ಟ ವೀರ್ಯ ವರ್ಷಗಳ ಮೇಲೂ ಉಪಯೋಗಕ್ಕೆ ಬರುತ್ತದೆ. ಒಂದಕ್ಕಿಂತ ಹೆಚ್ಚು ಗಂಡುಗಳನ್ನು ಕೂಡುವ ಜಾತಿಗಳಲ್ಲಿ ಹಲವರ ವೀರ್ಯ ಆ ಚೀಲದಲ್ಲಿ ಸೇರುವುದೂ ಉಂಟು. ಒಳ್ಳೆಯ ಒಕ್ಕಲಿಗಳು ಬೀಜದ ಕಾಳನ್ನು ಸುಗ್ಗಿಯಲ್ಲಿಯೇ ತೆಗೆದು ಮಡಕೆಯಲ್ಲಿ ಕಟ್ಟಿಟ್ಟು, ಹದ ಮಳೆ ಬಿದ್ದಾಗ ಬಿತ್ತುವುದಿಲ್ಲವೆ? ಹೆಣ್ಣೇಡಿಯೂ ಹಾಗೆಯೇ. ಕೂಡುವ ಕಾಲವನ್ನೂ ಹೆರುವ ಕಾಲವನ್ನೂ ಬೇರೆಬೇರೆ ಮಾಡಿಕೊಂಡುದರಿಂದ, ಯಾವಾಗ ತಾಯಾಗಬೇಕೆಂಬುದು ಅದರ ಕೈಯಲ್ಲಿಯೇ ಉಳಿಯಿತು.

ಉಡಿ ತುಂಬಿದ ಮೇಲಿನ ಕೆಲಸವೆಲ್ಲ ತಾಯಿಯದೇ. ಮೊಟ್ಟೆಯ ಗೊಂಚಲಿನ ನಡುವೆ ನೀರಾಡದಿದ್ದರೆ ಒಳಗಿನ ಮೊಟ್ಟೆಗಳಿಗೆ ಪ್ರಾಣವಾಯು ದೊರೆಯುವುದಿಲ್ಲ. ಆದುದರಿಂದ ತಾಯಿ ಮತ್ತೆ ಮತ್ತೆ ಉಡಿಯನ್ನು ಬೀಸುತ್ತದೆ. ಕಾಲ ತುದಿಯಿಂದ ಮೊಟ್ಟೆಗಳನ್ನು ಕೆದಕಿ ಚೊಕ್ಕ ಮಾಡುತ್ತದೆ. ನಮ್ಮ ಆಗ್ನೇಯಕ್ಕೆ ಹಿಂದೂ ಮಹಾಸಾಗರದಲ್ಲಿರುವ ಕ್ರಿಸ್ಮಸ್ ದ್ವೀಪದ ಕೆಂಪು ಏಡಿಗಳ ವಲಸೆ ಜಗತ್ಪ್ರಸಿದ್ಧ. ಮಳೆ ಆರಂಭವಾದೊಡನೆ ಕೋಟಿಗಟ್ಟಲೆ ಏಡಿಗಳು ಕಾಡಿನಿಂದ ಕಡಲಿಗೆ ಇಳಿಯುತ್ತವೆ. ಕೂಡಿದ ಬಳಿಕ ಗಂಡುಗಳು ಕಾಡಿಗೆ ಹಿಂದಿರುಗುತ್ತವೆ. ಹೆಣ್ಣುಗಳು ಸುಮಾರು ಎರಡು ವಾರ ತೇವದ ಬಿಲಗಳಲ್ಲಿ ಮೊಟ್ಟೆ ಹೊತ್ತು ಕಾದು, ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸಿನಲ್ಲಿ, ಬೆಳಗಿನ ಜಾವ ಉಬ್ಬರ ಇಳಿಯತೊಡಗಿದಾಗ ಉಡಿ ಬಿಚ್ಚುತ್ತವೆ. ಒಂದೊಂದರ ಉಡಿಯಲ್ಲಿ 1,00,000ದ ವರೆಗೆ ಮೊಟ್ಟೆ. ನೀಲಿ ಏಡಿಯದಾದರೆ ಸುಮಾರು 20 ಲಕ್ಷ. ಕಡಲಿನ ತಾಯಿಯ ಉಪಾಯ ಅದು: ಲಕ್ಷಗಟ್ಟಲೆ ಹೆತ್ತು ಅಲೆಗೆ ಒಪ್ಪಿಸುವುದು. ಏಡಿಯ ರೂಪವೇ ಇಲ್ಲದ ಆ ಡಿಂಭಗಳು ತೇಲಿ, ರೂಪ ಬದಲಿಸಿ, ಬಹುತೇಕ ಅಳಿದು, ಎಲ್ಲಿಯೋ ನಾಲ್ಕು ಉಳಿದರೆ ಸಾಕು.

ಹೊಳೆಯ ತಾಯಿಗೆ ಈ ಉಪಾಯ ನಡೆಯದು. ತೇಲುವ ಡಿಂಭಗಳನ್ನು ಹಿರಣ್ಯಕೇಶಿಯಲ್ಲಿ ಬಿಟ್ಟರೆ ಘಟಪ್ರಭೆಗೆ, ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಕೊಚ್ಚಿಹೋದಾವು. ಆದುದರಿಂದ ಸಿಹಿನೀರಿನ ಏಡಿಗಳು ಡಿಂಭಾವಸ್ಥೆಯನ್ನೇ ಬಿಟ್ಟುಕೊಟ್ಟಿವೆ. ಮೊಟ್ಟೆ ದೊಡ್ಡದು, ಭಂಡಾರ ತುಂಬಿದ್ದು, ಆದರೆ ಎಣಿಕೆಗೆ ಕೆಲವು ನೂರು ಮಾತ್ರ. ಮರಿ ಒಳಗೇ ಪೂರ್ತಿ ಬೆಳೆದು, ಹತ್ತು ಕಾಲಿನ ಸಾಕ್ಷಾತ್ ಏಡಿಯಾಗಿಯೇ ಹೊರಬರುತ್ತದೆ. ಬಂದ ಮೇಲೂ ಕೆಲವು ಕಾಲ ತಾಯ ಉಡಿಯನ್ನು ಬಿಡುವುದಿಲ್ಲ. ಆ ಮುದುಕಿ ನನಗೆ ತೋರಿಸಿದುದು ಇದನ್ನೇ.

ಈ ತಾಯ್ತನ ಎಲ್ಲಿಯ ವರೆಗೆ ಮುಟ್ಟಬಲ್ಲುದೆಂಬುದಕ್ಕೆ ಜಮೈಕಾ ದ್ವೀಪದ ಒಂದು ಏಡಿ ಸಾಕ್ಷಿ. ಅನಾನಸಿನ ಬಳಗಕ್ಕೆ ಸೇರಿದ ಗಿಡಗಳ ಎಲೆಬುಡದಲ್ಲಿ ನಿಂತ ಮಳೆನೀರೇ ಅದರ ಮನೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಅದನ್ನು ಅಭ್ಯಸಿಸಿದ. ತಾಯಿ ಆ ಬೊಗಸೆ ನೀರಿನಲ್ಲಿ ಬಿದ್ದ ಎಲೆಗಳನ್ನು ಎತ್ತಿ ಹಾಕುತ್ತದೆ. ಬಸವನಹುಳುವಿನ ಖಾಲಿ ಚಿಪ್ಪು ತಂದು ಹಾಕಿ ನೀರಿನ ಹುಳಿಯನ್ನು ತಗ್ಗಿಸಿ ಮರಿಗಳಿಗೆ ಸುಣ್ಣದಂಶ ಒದಗಿಸುತ್ತದೆ. ಹುಳ ಹಿಡಿದು ತಂದು ಉಣಿಸುತ್ತದೆ. ಮರಿಗಳನ್ನು ತಿನ್ನಬರುವ ಕೀಟಗಳನ್ನು ಕೊಲ್ಲುತ್ತದೆ. ಹೀಗೆ ತಿಂಗಳುಗಳ ಕಾಲ. ಮರಿಗಳಿಗೆ ಬಲಿಯಾಗುವುದು ಹಾಗಿರಲಿ, ಮರಿಗಳು ಬಾಳುವುದೇ ತಾಯಿ ಬದುಕಿದ್ದರೆ.

ಇನ್ನು ನಮ್ಮ ಏಡಿಗೆ ಮರಳೋಣ. ದಖ್ಖನಿನ ಹೊಲ, ಹಳ್ಳಗಳಲ್ಲಿ ಬಿಲ ತೋಡುವ ಈ ಏಡಿಗೆ ಶಾಸ್ತ್ರೀಯ ನಾಮಕರಣವಾದುದು 1836ರಲ್ಲಿ. ಮುಂಬಯಿ ಸೈನ್ಯದ ಅಧಿಕಾರಿಯಾಗಿದ್ದ ಕರ್ನಲ್ ಸೈಕ್ಸ್ ದಖ್ಖನಿನ ಏಡಿಗಳನ್ನು ಕುರಿತು ಬರೆದ. ಕೀಟತಜ್ಞ ವೆಸ್ಟ್‌ವುಡ್ ಹೆಸರು ಕೊಟ್ಟ. ಇಂದು ಅದನ್ನು ಬ್ಯಾರಿಟೆಲ್ಫೂಸ ಕ್ಯುನಿಕ್ಯುಲಾರಿಸ್ ಎನ್ನುತ್ತಾರೆ. ಎರಡನೆಯ ಪದದ ಮೂಲದಲ್ಲಿ ಬಿಲದ ಅರ್ಥವಿದೆ. ಇದು ಬಹು ವಿಸ್ತಾರವಾಗಿ ಹರಡಿರುವ ಏಡಿ. ಸಹ್ಯಾದ್ರಿಯ ಎಲ್ಲ ಏಡಿಗಳೂ ಹಾಗಲ್ಲ. ಮರಿಗಳು ತೇಲಿಹೋಗದೆ ತಾಯಿಯ ಬಳಿಯಲ್ಲಿಯೇ ಉಳಿಯುವುದರಿಂದ ಒಂದು ಬೆಟ್ಟದ ಏಡಿ ಇನ್ನೊಂದು ಬೆಟ್ಟವನ್ನು ಮುಟ್ಟುವುದೇ ಅಪರೂಪ. ಹೀಗೆ ಯುಗಗಳು ಕಳೆದು ಕಣಿವೆಗೊಂದು ಜಾತಿ ಹುಟ್ಟಿಕೊಂಡಿದೆ. ‘ಘಟ್ಟ’ ಎಂಬ ಮಾತಿನಿಂದಲೇ ಹೆಸರು ಪಡೆದ ಘಟಿಯಾನ ಎಂಬ ಕುಲ 2014ರಲ್ಲಿ ಶಾಸ್ತ್ರಕ್ಕೆ ಸೇರಿತು. ಬಿಳಿ ಮೈ, ನೇರಳೆಗೆಂಪು ಕಾಲುಗಳ ‘ದ್ವಿವರ್ಣ’ ಎಂಬ ಜಾತಿ 2022ರಲ್ಲಿ ನಮ್ಮ ಯಲ್ಲಾಪುರದ ಕಡೆಯ ಕಾಡಿನಿಂದ ವರದಿಯಾಯಿತು.

ತಾಯ ಉಡಿ ಕೊಟ್ಟ ಈ ವೈವಿಧ್ಯವೇ ಏಡಿಗಳಿಗೆ ಅಪಾಯವನ್ನೂ ತಂದಿದೆ. ಕಡಲ ತೀರದಲ್ಲಿ ಏಡಿ ಕಡಮೆಯಾದರೆ ದೂರದಿಂದ ಅಲೆಯ ಮೇಲೆ ಡಿಂಭಗಳು ಬಂದು ನೆಲೆಸಬಹುದು. ನಮ್ಮ ಹಳ್ಳದಲ್ಲಿ ಕಡಮೆಯಾದರೆ ತೇಲಿ ಬರುವವರು ಯಾರೂ ಇಲ್ಲ. 2009ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ ಜಗತ್ತಿನ 1,280 ಬಗೆಯ ಸಿಹಿನೀರಿನ ಏಡಿಗಳನ್ನು ಪರೀಕ್ಷಿಸಿ, ಸುಮಾರು ಆರರಲ್ಲಿ ಒಂದು ಜಾತಿ ಅಪಾಯದ ಅಂಚಿನಲ್ಲಿದೆ ಎಂದು ಕಂಡುಕೊಂಡರು. ಬೇಸಿಗೆಯಲ್ಲಿ ಮೊಟ್ಟೆ ಹೊತ್ತು ಬಿಲದೊಳಗೆ ಅಡಗಿದ್ದ ತಾಯಿ, ಮಿರಗದ ಮೊದಲ ಹನಿಗೆ ಮರಿ ಬಿಡಲು ಹೊರಬರುತ್ತದೆ. ನಾವು ಕಂದೀಲು ಹಿಡಿದು, ಈಗ ಬ್ಯಾಟರಿ ಹಿಡಿದು, ಏಡಿಗೆ ಹೋಗುವುದೂ ಅದೇ ರಾತ್ರಿ. ಉಡಿ ತುಂಬಿದ ಒಂದು ತಾಯಿಯನ್ನು ಒಯ್ದರೆ ಒಂದು ಏಡಿಯನ್ನಲ್ಲ, ಹಳ್ಳದ ಮುಂದಿನ ಕೆಲವು ವರ್ಷಗಳನ್ನೇ ಒಯ್ದಂತೆ. ಏಡಿಗೆ ಬಸಿರೇ ಮೃತ್ಯು ಎಂಬ ಹಳೆಯ ಮಾತು ಸುಳ್ಳು. ಅದನ್ನು ನಿಜ ಮಾಡುವವರು ನಾವು.

ಏಡಿ ತಿನ್ನಬೇಡಿರೆಂದು ನಾನು ಹೇಳಲಾರೆ. ಬಡವರ ಒಲೆಯ ಮೇಲೆ ಮಳೆಗಾಲದಲ್ಲಿ ಕುದಿಯುವ ಸಾರು ಅದು. ಅಂಗಾತ ಮಾಡಿ ನೋಡಿರಿ ಎಂದಷ್ಟೇ ಕೇಳುತ್ತೇನೆ. ಮುಚ್ಚಳ ಸಪೂರವಾಗಿದ್ದರೆ ಗಂಡು. ಅಗಲವಾಗಿದ್ದು ಒಳಗೆ ಮೊಟ್ಟೆಯೋ ಮರಿಯೋ ಇದ್ದರೆ ನೀರಿಗೆ ಬಿಡಿರಿ. ಓದು ಬಾರದ ಆ ಮುದುಕಿಗೆ ಇದು ಗೊತ್ತಿತ್ತು. ಹಿರಣ್ಯಕೇಶಿಯ ಉಗಮದ ಕೊಳದಲ್ಲಿ 2020ರಲ್ಲಿ ಹೊಸದೊಂದು ಪುಟ್ಟ ಮೀನು ಕಂಡುಬಂದು, ಅದಕ್ಕೆ ನದಿಯ ಹೆಸರನ್ನೇ ಇಟ್ಟರು. ಮರುವರ್ಷ ಮಹಾರಾಷ್ಟ್ರ ಸರ್ಕಾರ ಆ ಸ್ಥಳವನ್ನು ಜೀವವೈವಿಧ್ಯದ ಪಾರಂಪರಿಕ ತಾಣವೆಂದು ಸಾರಿತು. ಹೊಳೆಯ ತಲೆಯಲ್ಲಿ ಒಂದು ಮೀನಿಗೆ ದೊರೆತ ಆದರದ ಒಂದಂಶ ಹೊಳೆಯ ಮಡಿಲಿನಲ್ಲಿರುವ ಏಡಿಗೂ ದೊರೆಯಲಿ. ಅದಕ್ಕೆ ಸರ್ಕಾರದ ಆಜ್ಞೆ ಬೇಕಾಗಿಲ್ಲ, ಹೆಬ್ಬೆರಳು ಸಾಕು.

ಚಕೋರ ಬೆಳುದಿಂಗಳನ್ನು ಕುಡಿಯುತ್ತದೆ ಎಂದು ನಂಬಿದರೆ ಯಾರಿಗೂ ಕೇಡಿಲ್ಲ. ತಾಯ್ತನವೆಂದರೆ ಸಾವೇ ಎಂಬ ನಂಬಿಕೆ ಅಂಥದಲ್ಲ. ಹೆರಿಗೆಯಲ್ಲಿ ತೀರಿಹೋದ ಹೆಣ್ಣುಮಕ್ಕಳ ಬಗೆಗೆ, “ಏನ್ ಮಾಡೂದು, ಹೆಣ್ಣಿನ ಹಣೇಬರಾ” ಎಂದು ಕೈಚೆಲ್ಲಿ ಕುಳಿತವರನ್ನು ನಾನು ಬಾಲ್ಯದಲ್ಲಿ ಕಂಡಿದ್ದೇನೆ. ಆ ಮಾತಿನ ಹಿಂದೆ ನಾವು ಪಾಠ ಹೇಳಿದ ಇಂಥ ಉಪಮೆಗಳ ನೆರಳೂ ಇದ್ದಿರಬೇಕು. ಹೊಳೆಯ ಏಡಿ ಬೇರೆಯದನ್ನೇ ಹೇಳುತ್ತದೆ. ಅದು ಕಾಲ ನೋಡಿ ಉಡಿ ತುಂಬಿಕೊಳ್ಳುತ್ತದೆ, ಮಳೆ ನೋಡಿ ಉಡಿ ಬಿಚ್ಚುತ್ತದೆ, ಬಿಚ್ಚಿ ಬಿಲಕ್ಕೆ ಹಿಂದಿರುಗುತ್ತದೆ, ಬದುಕಿ ಉಳಿದರೆ ಮತ್ತೆ ತಾಯಾಗುತ್ತದೆ.

ಅಂದು ಎದ್ದು ನಿಂತ ಹುಡುಗಿ ಈಗ ಎಲ್ಲಿರುವಳೋ ಅರಿಯೆ. ಅವಳಿಗೂ ಮಕ್ಕಳು ಮರಿಗಳಾಗಿರಬಹುದು. ಈ ಮಾತು ಅವಳ ಕಿವಿಗೆ ಬಿದ್ದರೆ ಇಷ್ಟು ತಿಳಿಯಲಿ: ತಂಗಿ, ಅಂದು ನೀನು ನೋಡಿ ಹೇಳಿದ್ದೆ, ನಾನು ಓದಿ ಹೇಳಿದ್ದೆ. ನಿನ್ನ ಮಾತೇ ಸರಿ.